ಉಪ್ಪುನೀರಿನ ಗುಂಪಿನ ಕೊನೆಯ ಇಲಿ

ದೆಹಲಿಯ ಒಂದು ಲ್ಯಾಬಿನಲ್ಲಿ ಇಲಿಗಳಿಗೆ ಮೇಲಿಂದ ಮೇಲೆ ಉತ್ತೇಜಕ ಮದ್ದು ಕೊಟ್ಟು, ಅವುಗಳ ಮಿದುಳಿನಲ್ಲಿ ಏನಾಗುತ್ತದೆ, ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ನನ್ನ ಪಿಎಚ್‌ಡಿ ಈ ಇಲಿಗಳ ಬಾಲ ಹಿಡಿದು ನೇತಾಡುತ್ತಿದೆ. ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಅದರಲ್ಲಿ ಇಲಿಗಳ ತಪ್ಪು ಕಡಿಮೆ.

೧. ಮನೆ ಬಾಡಿಗೆಗೆ

ಪೀತಮ್‌ಪುರದಲ್ಲಿ ಮನೆ ಕೇಳಲು ಹೋದಾಗ ಓನರ್ ಆಂಟಿ, "ಬೇಟಿ, ಏನು ಕೆಲಸ?" ಎಂದರು. ಇಲಿಗಳ ಕೆಲಸ ಎಂದೆ. ಆಂಟಿಯ ಮುಖ ಅರಳಿತು. ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಸಿಂಕಿನ ಕೆಳಗಿನ ಬಿಲ ತೋರಿಸಿದರು.

"ನಾವು ಇಲಿ ಹಿಡಿಯೋದಿಲ್ಲ ಆಂಟಿ. ಮದ್ದು ಕೊಟ್ಟು ಎಷ್ಟು ಓಡುತ್ತವೆ ಅಂತ ನೋಡ್ತೀವಿ."

ಆಂಟಿ ಸ್ವಲ್ಪ ಯೋಚಿಸಿದರು. "ಅಚ್ಛಾ. ನಮ್ಮವು ಏನೂ ಕೊಡದೇ ಓಡುತ್ತವೆ. ಕರ್ಕೊಂಡು ಹೋಗು, ನಿನ್ನ ಮದ್ದೂ ಉಳಿಯುತ್ತೆ."

೨. ಮಧ್ಯಾಹ್ನದ ರಾತ್ರಿ

ಇಲಿಗಳು ಚುರುಕಾಗುವುದು ಕತ್ತಲಲ್ಲಿ. ನಾವು ಕೆಲಸ ಮಾಡುವುದು ಹಗಲಲ್ಲಿ. ಅದಕ್ಕೇ ಲ್ಯಾಬಿನಲ್ಲಿ ಹಗಲೆಲ್ಲ ಕತ್ತಲೆ ಮಾಡಿ, ಮಂದ ಕೆಂಪು ದೀಪ ಹಾಕಿಕೊಂಡಿರುತ್ತೇವೆ. ಒಂದು ಮಧ್ಯಾಹ್ನ ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದಳು.

"ಯಾಕೆ ಪಿಸುಗುಡ್ತೀಯಾ?"

"ಇಲ್ಲಿ ಈಗ ರಾತ್ರಿ ಅಮ್ಮ."

"ನೀನು ಹೋಗಿರೋದು ದೆಹಲಿಗೆ ಕಣೇ," ಎಂದಳು ಅಮ್ಮ.

೩. ಕರೋಲ್ ಬಾಗಿನ ಹುಡುಗ

ಗುರುಗ್ರಾಮದ ಒಂದು ಕಂಪನಿಯಲ್ಲಿದ್ದ ಕನ್ನಡದ ಹುಡುಗನನ್ನು ನೋಡಲು ಅಮ್ಮ ಹೇಳಿದಳು. ಕರೋಲ್ ಬಾಗಿನ ಹೋಟೆಲೊಂದರಲ್ಲಿ ಕೂತೆವು. "ನಿಮ್ಮ ಇಲಿಗಳು ಕೊನೆಗೆ ಏನಾಗ್ತವೆ?" ಎಂದು ಅವರು ಕೇಳಿದರು.

"ಮಾಡಿದ್ದನ್ನೇ ಮಾಡ್ತಾ ಇರುತ್ತವೆ. ಮದ್ದು ನಿಲ್ಲಿಸಿದರೆ ಮೂಲೆ ಸೇರುತ್ತವೆ. ಯಾವುದರಲ್ಲೂ ಖುಷಿ ಇರಲ್ಲ."

"ಛೇ ಪಾಪ," ಎಂದು ಮೊಬೈಲ್ ನೋಡಿ ಮಗುಚಿಟ್ಟರು. ಮತ್ತೆ ಎತ್ತಿದರು, ನೋಡಿದರು, ಮಗುಚಿಟ್ಟರು. ಮತ್ತೆ ಎತ್ತಿದರು.

"ಅಷ್ಟೊಂದು ಗಮನವಿಟ್ಟು ನೋಡ್ತಿದೀರಲ್ಲ ನನ್ನ," ಎಂದು ನಾಚಿಕೊಂಡರು. ನಾನು ಎಣಿಸುತ್ತಿದ್ದೆ ಎಂದು ಹೇಳಲಿಲ್ಲ.

೪. ಗೋಡೆ ಬಿಟ್ಟು ಬಾರದ್ದು

ನಮ್ಮ ಪ್ರಯೋಗದ ಕೋಣೆಯ ಚಾವಣಿಯಲ್ಲೊಂದು ಕ್ಯಾಮೆರಾ, ಅದರ ಕೆಳಗೆ ನೆಲದ ಮೇಲೊಂದು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಇಲಿ ಓಡಾಡಿದ ದಾರಿಯನ್ನು ಕಂಪ್ಯೂಟರ್ ಬರೀ ಗೆರೆಯಾಗಿ ಎಳೆದು ತೋರಿಸುತ್ತದೆ. ಅರ್ಧ ಇಲಿಗಳಿಗೆ ಮದ್ದಿನ ಸೂಜಿ, ಉಳಿದವಕ್ಕೆ ಉಪ್ಪುನೀರಿನ ಸೂಜಿ. ಮದ್ದಿನವು ಹುಚ್ಚಾಪಟ್ಟೆ ಓಡಬೇಕು, ಉಪ್ಪುನೀರಿನವು ತೆಪ್ಪಗಿರಬೇಕು. ಹಾಗಾದರೆ ಮಾತ್ರ ನನ್ನ ಪಿಎಚ್‌ಡಿ ಉಳಿಯುತ್ತದೆ.

ಗೆರೆಗಳನ್ನು ಗೈಡಿಗೆ ತೋರಿಸಿದೆ. ಅವರು ಮೈಸೂರಿನವರು, ಇಲಿಗಳ ವಿಷಯದಲ್ಲಿ ಎತ್ತಿದ ಕೈ. ಉಪ್ಪುನೀರಿನ ಗುಂಪಿನ ಕೊನೆಯ ಗೆರೆಗೆ ಬಂದಾಗ ಹುಬ್ಬು ಗಂಟಿಕ್ಕಿದರು.

"ಏನಮ್ಮಾ ಇದು? ಗೋಡೆ ಬಿಟ್ಟು ಈಚೆಗೇ ಬಂದಿಲ್ಲ. ಹೋದ ದಾರೀಲೇ ಮತ್ತೆ ಮತ್ತೆ ಹೋಗಿದೆ. ವಿಪರೀತ ಹೆದರಿದೆ ಪಾಪ. ಇದಕ್ಕೆ ಬಿದ್ದಿರೋದು ಉಪ್ಪುನೀರಲ್ಲ, ಮದ್ದು, ಅದೂ ಜಾಸ್ತಿ."

"ಸಾಧ್ಯವೇ ಇಲ್ಲ ಸರ್."

"ಸೂಜಿ ಅದಲುಬದಲಾಗಿದೆ. ಒಂದು ಆಗಿದ್ರೆ ಉಳಿದವೂ ಆಗಿರಬಹುದು. ಎಲ್ಲಾ ಮೊದಲಿಂದ ಮಾಡು."

ನನಗೆ ಅಳುವೇ ಬಂತು. ಎಲ್ಲಾ ಎಂದರೆ ಇಡೀ ವರ್ಷದ ದುಡಿಮೆ. ಓಡಿಹೋಗಿ ಆ ಗೆರೆಯ ವಿಡಿಯೊ ಹುಡುಕಿದೆ.

ಅವತ್ತು ಕೆಲಸ ಮುಗಿಸಿ ಪೆಟ್ಟಿಗೆಯನ್ನು ತೊಳೆಯಲು ಹೊರಗೆ ಒಯ್ದಿದ್ದೆ, ಕ್ಯಾಮೆರಾ ಆರಿಸಿರಲಿಲ್ಲ. ಖಾಲಿ ಕೋಣೆಯಲ್ಲಿ ಸರ್ ಒಬ್ಬರೇ ಇದ್ದರು. ಕಿವಿಯಲ್ಲಿ ಮೊಬೈಲ್, ಕೈಯಲ್ಲಿ ಕಾಫಿ. ಅವರ ಮಗಳ ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂದ ದಿನವದು. ಗೋಡೆಗುಂಟ ಸುತ್ತಿದರು, ನಿಂತರು, ತಿರುಗಿ ಸುತ್ತಿದರು. ಲೋಟ ಖಾಲಿಯಾದಾಗ ಇನ್ನೊಂದು ತಂದರು. ಆ ಕೋಣೆಗೆ ಕಾಫಿ ತರಬಾರದೆಂದು ಬೋರ್ಡ್ ಹಾಕಿಸಿದವರೂ ಅವರೇ. ಕಂಪ್ಯೂಟರ್ ತಾನಾಗಿಯೇ ಮುಂದಿನ ನಂಬರ್ ಕೊಟ್ಟು ಅವರನ್ನು ಉಪ್ಪುನೀರಿನ ಗುಂಪಿಗೆ ಸೇರಿಸಿಕೊಂಡಿತ್ತು.

ಲ್ಯಾಪ್‌ಟಾಪ್ ಹಿಡಿದು ವಾಪಸು ಹೋದೆ. "ಸರ್, ಆ ಪ್ರಾಣಿ ನಮ್ಮದಲ್ಲ."

"ಮತ್ತೆ ಯಾವ ಲ್ಯಾಬಿಂದು?"

ವಿಡಿಯೊ ಹಾಕಿದೆ. ಸರ್ ಕೊನೆಯವರೆಗೂ ನೋಡಿದರು.

"ಸರಿ, ಉಳಿದ ಇಲಿಗಳು ಚೆನ್ನಾಗಿವೆ. ಇದನ್ನ ತೆಗೆದುಬಿಡು," ಎಂದರು.

ಯಾವುದೇ ಪ್ರಾಣಿಯನ್ನು ಲೆಕ್ಕದಿಂದ ತೆಗೆದರೆ ಅದು ಗಂಡೋ ಹೆಣ್ಣೋ, ವಯಸ್ಸೆಷ್ಟು, ತೆಗೆದದ್ದು ಯಾಕೆ ಎಂದು ಬರೆಯಲೇಬೇಕು. ಅವರೇ ಮಾಡಿದ ನಿಯಮ. ಪೆನ್ನು ಹಿಡಿದು ಕಾದೆ.

"ಗಂಡು ಅಂತ ಬರಿ," ಎಂದರು. "ಕಾರಣ, ಮಗಳ ರಿಸಲ್ಟ್. ವಯಸ್ಸು ಬಿಟ್ಬಿಡು."