ಮಾವನ ಕಂಪ್ಯೂಟರಿನ ಖಾಲಿ ತೂಕ

ನಮ್ಮ ಸೋದರಮಾವ ದೇವರನ್ನು ನಂಬುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ತೂಕವನ್ನಂತೂ ನಂಬುತ್ತಾರೆ. ಅರಿಶಿನಕುಂಟೆಯ ಬಳಿ, ಹೆದ್ದಾರಿಯ ಪಕ್ಕದಲ್ಲಿ ಅವರದೊಂದು ವೇಬ್ರಿಡ್ಜ್ ಇದೆ. ಗೋದಾಮುಗಳಿಗೆ ಹೋಗುವ ಲಾರಿಗಳು ಅದರ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಲ್ಲುತ್ತವೆ, ಪಕ್ಕದ ಕೋಣೆಯ ಕಂಪ್ಯೂಟರು ತೂಕ ತೋರಿಸುತ್ತದೆ, ಚೀಟಿ ಹೊರಬರುತ್ತದೆ. ಲಾರಿ ಖಾಲಿ ಇದ್ದಾಗ ಒಂದು ತೂಕ, ತುಂಬಿದ ಮೇಲೆ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಸರಕು. ಮನುಷ್ಯ ತಿಳಿಯಬೇಕಾದದ್ದೆಲ್ಲ ಇಷ್ಟೇ ಎಂಬುದು ಮಾವನ ತೀರ್ಮಾನ.

ಅವರ ಮನೆ ವೇಬ್ರಿಡ್ಜಿನ ಹಿಂದೆಯೇ ಇದೆ. ಮನೆಗೆ ಗಾಡಿಯಲ್ಲಿ ಬರುವವರು ಆ ಹಾಸನ್ನು ದಾಟಿಯೇ ಬರಬೇಕು, ದಾಟಿಯೇ ಹೋಗಬೇಕು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಮಾವ ಬಿಡಲಿಲ್ಲ. ಅವರ ಕಾರು ಹೊರಟ ಮೇಲೆ ಒಳಗೆ ಬಂದು, "ಹೋಗೋವಾಗ ತೂಕ ಜಾಸ್ತಿ ಬಂತು. ಸಂಕೋಚ ಇಲ್ದೆ ಊಟ ಮಾಡವ್ರೆ. ಒಳ್ಳೆ ಜನ," ಎಂದು ಅಲ್ಲೇ ಸಂಬಂಧ ಒಪ್ಪಿಬಿಟ್ಟರು. ಮದುವೆಯೂ ಆಯಿತು. ಅಳಿಯ ಈಗಲೂ ಸಂಕೋಚವಿಲ್ಲದೆ ಊಟ ಮಾಡುತ್ತಾನೆ.

ಇಂಥ ಮಾವ ಒಂದು ದಿನ ನನಗೆ ಫೋನ್ ಮಾಡಿದರು. ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಆದ್ದರಿಂದ ನೆಂಟರ ಮನೆಯಲ್ಲಿ ಕಂಪ್ಯೂಟರು, ಟೀವಿ, ಮಿಕ್ಸಿ ಯಾವುದು ಕೆಟ್ಟರೂ ಹೊಣೆ ನನ್ನದೇ.

"ಹೊಸಾ ಕಂಪ್ಯೂಟರ್ ತಂದಿದೀನಿ ಕಣೋ. ಹಳೇದ್ರಲ್ಲಿ ಇರೋದನ್ನ ಹಂಗಂಗೇ ಎತ್ತಿ ಇದ್ರೊಳಕ್ಕೆ ಇಟ್ಬಿಡು."

"ಹಳೇ ಸಿಸ್ಟಮ್ ಯಾಕೆ ಮಾವ? ಹೊಸದೇ ಹಾಕ್ಕೊಡ್ತೀನಿ. ಚೆನ್ನಾಗಿರುತ್ತೆ."

"ಚೆನ್ನಾಗಿರೋದು ಬ್ಯಾಡ. ಹಳೇದೇ ಬೇಕು." ಆಮೇಲೆ ದನಿ ತಗ್ಗಿಸಿದರು. "ಬದಲಾಗಿದೆ ಅಂತ ನಿಮ್ಮತ್ತೆಗೆ ಗೊತ್ತಾಗ್ಬಾರ್ದು. ಗೊತ್ತಾಯ್ತೋ, ಹೊಸದನ್ನ ವಾಪಸ್ ಕೊಟ್ಬಿಡ್ತೀನಿ. ಅಷ್ಟೆ."

ನನಗೆ ಒಳಗೊಳಗೇ ಖುಷಿಯಾಯಿತು. ಇಡೀ ಹೆದ್ದಾರಿಯ ಡ್ರೈವರುಗಳನ್ನು ಗದರಿಸಿ ನಿಲ್ಲಿಸುವ ಮನುಷ್ಯ ಹೆಂಡತಿಗೆ ಹೀಗೆ ಹೆದರುವುದನ್ನು ಕಣ್ಣಾರೆ ನೋಡುವ ಭಾಗ್ಯ ಯಾರಿಗುಂಟು? ವೇಬ್ರಿಡ್ಜ್ ಶುರುವಾದಾಗಿನಿಂದ ಮಾವ ಹೊರಗೆ ನಿಂತು ಕೂಗುವುದು, ಅತ್ತೆ ಒಳಗೆ ಕೂತು ಲಾರಿ ನಂಬರು ಒತ್ತುವುದು ಎಂದೇ ನಡೆದು ಬಂದಿದೆ. ಈಗೀಗ ಅತ್ತೆ ಬರುವುದು ಮಧ್ಯಾಹ್ನ ಮಾತ್ರ. ಆದರೂ ಆ ಕುರ್ಚಿ ಅವರದೇ, ಆ ಕಂಪ್ಯೂಟರೂ ಅವರದೇ. ಅದೋ, ಆನ್ ಮಾಡಿದರೆ ರಾಗಿ ಮಿಲ್ಲಿನಂತೆ ಸದ್ದು ಮಾಡುತ್ತಿತ್ತು. ತೂಕದ ಮಧ್ಯೆ ನಿಂತುಬಿಟ್ಟರೆ ಹಾಸಿನ ಮೇಲೆ ಒಂದು ಲಾರಿ, ಅದರ ಹಿಂದೆ ಸಾಲಾಗಿ ಹಾರನ್ ಬಾರಿಸುವ ಲಾರಿಗಳು.

ಭಾನುವಾರ ಬೆಳಿಗ್ಗೆಯೇ ಕಾರಿನಲ್ಲಿ ಹೋದೆ. ಮಾವ ನನ್ನ ಕಾರನ್ನೂ ಹಾಸಿನ ಮೇಲೆ ನಿಲ್ಲಿಸಿ ತೂಗಿಯೇ ಒಳಗೆ ಬಿಟ್ಟರು. ಅತ್ತೆ ಎಂದಿನ ನಗುಮುಖದಿಂದ ನನ್ನ ಅಣ್ಣನ ಹೆಸರು ಹಿಡಿದು ಕರೆದರು. ನಾನು ತಿದ್ದಿದೆ, ಇಬ್ಬರೂ ನಕ್ಕೆವು. ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಇನ್ನೂ ಸ್ವಲ್ಪ ಹೊತ್ತಾಗಿಲ್ಲ, "ಕಾಫಿ ಕುಡೀತೀಯೇನೋ?" ಎಂದು ಮತ್ತೆ ತಂದರು. ನಮ್ಮತ್ತೆಯ ಉಪಚಾರವೇ ಹಾಗೆ, ಬೇಡವೆಂದರೆ ಕೇಳುವವರಲ್ಲ.

ಮಾವ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊಸ ಕಂಪ್ಯೂಟರು ಬೂಸಾ ಮೂಟೆಗಳ ಹಿಂದೆ ಗೋಣಿಚೀಲ ಹೊದ್ದು ಕೂತಿತ್ತು.

ಕಂಪ್ಯೂಟರಿನ ಸರಂಜಾಮೆಲ್ಲ ಡಿಸ್ಕಿನಲ್ಲಿರುತ್ತದೆ, ಹಳೆಯ ಡಿಸ್ಕಿನ ತದ್ರೂಪನ್ನು ಹೊಸದಕ್ಕೆ ಇಳಿಸಿದರೆ ಆಯಿತು ಎಂದು ಮಾವನಿಗೆ ವಿವರಿಸಿದೆ. ವಿವರಿಸಬಾರದಿತ್ತು.

"ತಾಳು. ಮೊದ್ಲು ಖಾಲಿ ತೂಕ ತಗೊಳ್ಳಾನ," ಎಂದವರೇ ಪಕ್ಕದ ಅಂಗಡಿಯಿಂದ ಬೇಳೆ ತೂಗುವ ತಕ್ಕಡಿ ತಂದರು. ಡಿಜಿಟಲ್ ತಕ್ಕಡಿ. ಹಳೆಯ ಡಿಸ್ಕನ್ನು ಇಟ್ಟು ತೂಗಿದರು, ಬಿಸ್ಕತ್ತಿನಷ್ಟಿದ್ದ ಹೊಸದನ್ನು ತೂಗಿದರು. "ಅದು ಇಷ್ಟು ಭಾರ, ಇದು ಇಷ್ಟು ಹಗೂರ. ಓವರ್‌ಲೋಡ್ ಆಗಲ್ವಾ?" ಎಂದು ಕೇಳಿದರು. ಆಗುವುದಿಲ್ಲವೆಂದು ಭರವಸೆ ಕೊಟ್ಟು ನಕಲು ಶುರು ಮಾಡಿದೆ.

ಮುಗಿದ ಮೇಲೆ ಹೊಸ ಡಿಸ್ಕು ಮತ್ತೆ ತಕ್ಕಡಿಗೆ ಏರಿತು. ಮೊದಲಿದ್ದಷ್ಟೇ ತೂಕ.

"ಲೋಡೇ ಆಗಿಲ್ಲ," ಎಂದರು ಮಾವ.

"ಆಗಿದೆ ಮಾವ. ಅದಕ್ಕೆಲ್ಲ ತೂಕ ಇರಲ್ಲ."

"ಸರಿ, ಹಳೇದ್ರಲ್ಲಾದ್ರೂ ಕಮ್ಮಿ ಆಗಿರ್ಬೇಕಲ್ಲ?" ಹಳೆಯದನ್ನೂ ತೂಗಿದರು. ಅದೂ ಇದ್ದಷ್ಟೇ ಇತ್ತು. ಮಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಲ್ಲಿಂದ ಹೊರಟಿಲ್ಲ, ಇಲ್ಲಿಗೆ ಸೇರಿಲ್ಲ. ಬೆಳಗಿನಿಂದ ಏನು ಮಾಡ್ದೆ ಗುರು ನೀನು?"

ಇದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ ನಾನು ತಕ್ಕಡಿಯನ್ನು ಮೆಲ್ಲಗೆ ಆಚೆ ಸರಿಸಿದೆ.

ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ ಆನ್ ಮಾಡಿದೆ. ಪರದೆ ನೀಲಿಯಾಯಿತು, ಬಿಳಿ ಅಕ್ಷರದಲ್ಲಿ ಏನೇನೋ ಬೈದು ಆರಿಹೋಯಿತು. ಮತ್ತೆ ಆನ್ ಮಾಡಿದೆ, ಮತ್ತೆ ಬೈಗುಳ. ನಾನೂ ಬೈಯಲು ಶುರು ಮಾಡಿದಾಗ ಮಾವ ನನ್ನ ಭುಜ ಹಿಡಿದರು.

"ಅದನ್ನ ಬೈಬ್ಯಾಡ. ಕಣ್ಣು ಬಿಟ್ಟು ನೋಡುತ್ತೆ, ಸುತ್ತ ಇರೋದು ಯಾವ್ದೂ ಗುರ್ತು ಸಿಕ್ತಿಲ್ಲ. ಗಾಬ್ರಿ ಆಗುತ್ತೆ. ನಿಧಾನಕ್ಕೆ ಮಾಡು."

ನಿಜ ಹೇಳಬೇಕೆಂದರೆ ತಾಂತ್ರಿಕವಾಗಿ ಆಗಿದ್ದೂ ಅದೇ. ಹಳೆಯ ಸಿಸ್ಟಮ್ಮಿಗೆ ಹೊಸ ಬಿಡಿಭಾಗಗಳ ಪರಿಚಯವಿರಲಿಲ್ಲ. ಸೆಟ್ಟಿಂಗುಗಳನ್ನು ಹಳೆಯ ಕಾಲಕ್ಕೆ ಬದಲಿಸಿ ನಿಧಾನವಾಗಿ ಮಾಡಿದೆ. ಅದೇ ಹಸಿರು ಗುಡ್ಡದ ಚಿತ್ರ, ಅದೇ ಮೂಲೆಯಲ್ಲಿ ತೂಕದ ಸಾಫ್ಟ್‌ವೇರು, ಎಲ್ಲ ಇದ್ದಲ್ಲೇ ಬಂದು ಕೂತವು. ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮಾವ ಅಕ್ಷರ ಅಳಿಸಿಹೋದ ಹಳೆಯ ಕೀಬೋರ್ಡನ್ನೇ ಜೋಡಿಸಲು ಹೇಳಿದರು. ಹೊಸ ಡಬ್ಬಕ್ಕೆ ಹಳೆಯದರ ಅಳತೆಯಲ್ಲೇ ವಿಭೂತಿ ಬಳಿದು, ಕುಂಕುಮ ಇಟ್ಟು, ವರ್ಷಗಟ್ಟಲೆಯ ಆಯುಧಪೂಜೆಗಳನ್ನು ಒಂದೇ ಸಲಕ್ಕೆ ಮುಗಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕಿವಿಗೊಟ್ಟರು.

"ಸದ್ದೇ ಇಲ್ವಲ್ಲೋ."

"ಹೊಸದು ಮಾವ. ಸದ್ದು ಮಾಡಲ್ಲ."

"ಅವಳಿಗೆ ಗೊತ್ತಾಗಿಬಿಡುತ್ತೆ."

ಕೊನೆಗೆ ಹಳೆಯ ಡಬ್ಬವನ್ನು ಮೇಜಿನ ಕೆಳಗೆ ತಳ್ಳಿ, ಅದಕ್ಕೆ ಬರೀ ಕರೆಂಟು ಕೊಟ್ಟೆವು. ಹೊಟ್ಟೆಯಲ್ಲಿ ಡಿಸ್ಕಿಲ್ಲದಿದ್ದರೂ ಫ್ಯಾನು ಮಾತ್ರ ರಾಗಿ ಬೀಸತೊಡಗಿತು. ಕೆಲಸವೇನೂ ಇಲ್ಲದೆ ಸದ್ದು ಮಾಡುವುದಕ್ಕೆಂದೇ ನೇಮಕವಾದ ಕಂಪ್ಯೂಟರು ಲೋಕದಲ್ಲಿ ಇದೊಂದೇ ಇರಬೇಕು. ಮನುಷ್ಯರಾದರೆ ನಮ್ಮ ಕಾಲೇಜಿನಲ್ಲೇ ಇದ್ದಾರೆ.

ಮಧ್ಯಾಹ್ನ ಅತ್ತೆ ಬಂದರು. ಮಾವ ಉಸಿರು ಬಿಗಿಹಿಡಿದು ಬಾಗಿಲ ಬಳಿ ನಿಂತರು. ಈಗ ನೋಡಿ ಮಜಾ ಎಂದು ನಾನು ಗೋಡೆಗೊರಗಿದೆ. ಹೊರಗೆ ಸಿಮೆಂಟು ಲಾರಿಯೊಂದು ಹಾಸಿನ ಮೇಲೆ ಬಂದು ನಿಂತಿತು. ಅತ್ತೆ ಕೂತರು. ಬೆರಳುಗಳು ಬೋಳು ಕೀಬೋರ್ಡಿನ ಮೇಲೆ ಓಡಿದವು. ಕಿಟಕಿಯಿಂದ ಒಮ್ಮೆ ನಂಬರು ನೋಡಿದ್ದೇ ತಡ, ಒತ್ತಿ, ತೂಕ ಹಿಡಿದು, ಚೀಟಿ ಹರಿದು ಡ್ರೈವರಿಗೆ ಚಾಚಿದರು.

"ಹಿಂದಿನ ಸಲಕ್ಕಿಂತ ಜಾಸ್ತಿ ತುಂಬಿದೀಯ. ಟೋಲ್ ಹತ್ರ ಹಿಡೀತಾರೆ, ನೋಡ್ಕೊಂಡು ಹೋಗಪ್ಪಾ," ಎಂದರು.

ಮಾವ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

"ಅಷ್ಟೊಂದು ಹೆದರಿಕೇನಾ ಮಾವ ಅತ್ತೆ ಅಂದ್ರೆ?" ಎಂದು ನಗುತ್ತಾ ಕೇಳಿದೆ.

"ಮನೆಗೆ ಹೊಸ ಸ್ಟವ್ ತಂದೆ ಕಣೋ. ಹಚ್ಚೋಕೆ ಬರ್ದೆ ಅದರ ಮುಂದೆ ನಿಂತು ಅತ್ಲು. ಮೊನ್ನೆ ಮಗಳು ಬಂದ್ರೆ, ಯಾರಮ್ಮಾ ನೀನು ಅಂದ್ಲು. ಡಾಕ್ಟ್ರು ಮರೆವು ಅಂತಾರೆ, ಜಾಸ್ತಿ ಆಗ್ತಾ ಹೋಗುತ್ತಂತೆ." ಮಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. "ಇಲ್ಲಿ ಕೂತಾಗ ಮಾತ್ರ ಅವಳು ಅವಳೇ. ಇದೂ ಗುರ್ತು ಸಿಗ್ದೆ ಹೋಗಿದ್ರೆ ನಾನೇನು ಮಾಡ್ತಿದ್ದೆ, ಹೇಳು."

ಮಾವನ ಕೈ ಅದುಮಿ, ಕಾರು ಹತ್ತಿ, ಹೊರಟೆ. ಹಾಸಿನ ಮೇಲೆ ಬರುತ್ತಿದ್ದಂತೆ ಕಿಟಕಿಯಿಂದ ಅತ್ತೆ ಕೈಯಾಡಿಸಿ ನಿಲ್ಲಿಸಿದರು. ಪರದೆ ನೋಡಿದರು, ನನ್ನನ್ನು ನೋಡಿದರು, ನನ್ನ ಅಣ್ಣನ ಹೆಸರು ಹಿಡಿದು ಕರೆದರು.

"ಏನೋ ಇದು, ಬಂದಾಗ ಎಷ್ಟಿತ್ತೋ ಅಷ್ಟೇ ತೂಕ ಐತೆ. ನಮ್ಮನೇಲಿ ಏನೂ ತಗೊಳ್ದೆ ಹೊರಟಿದೀಯ? ಬಾ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗು."

ಈ ಸಲ ನಾನು ಹೆಸರು ತಿದ್ದಲಿಲ್ಲ. "ಹೂಂ ಅತ್ತೆ, ಕೊಡಿ," ಎಂದು ಕಾರನ್ನು ಹಿಂದಕ್ಕೆ ತೆಗೆದೆ.