ಮಾವನ ಕಾರಿಗೆ ವ್ಯಾನಿನ ಆ್ಯಕ್ಸಲ್

ಚಿಕ್ಕಂದಿನಲ್ಲಿ ನನಗೊಂದು ಘನವಾದ ನಂಬಿಕೆಯಿತ್ತು: ಕಾರಿನ ಹಿಂದಿನ ಚಕ್ರಗಳು ಮುಂದಿನವನ್ನು ಹಿಡಿಯಲೆಂದೇ ಅಟ್ಟಿಸಿಕೊಂಡು ಓಡುತ್ತವೆ! ಇವತ್ತಾದರೂ ಹಿಡಿದಾವೇ ಎಂದು ಕಿಟಕಿಯಿಂದ ಬಗ್ಗಿ ನೋಡಿ ಬೈಸಿಕೊಂಡದ್ದೂ ಉಂಟು. ಇಂಥ ಯಂತ್ರಶಾಸ್ತ್ರ ಪಾರಂಗತನಾದ ನಾನು ಮೊನ್ನೆ ಮಾವನವರ ಮುಂದೆ ಎದೆ ತಟ್ಟಿಕೊಂಡೆ: "ಹಿಂದಿನ ಆ್ಯಕ್ಸಲ್ ತಾನೆ? ನಾನೇ ಹಾಕ್ತೀನಿ!"

ಮಾವನವರ ಕಾರು ಅವರ ಮದುವೆಗಿಂತ ಹಳೆಯದು. ಆ್ಯಕ್ಸಲ್ಲಿನೊಳಗಿನ ಹಲ್ಲುಚಕ್ರದ ಹಲ್ಲುದುರಿ ಶೆಡ್ಡಿನಲ್ಲಿ ಕೂತಿತ್ತು. ಬಿಡಿಭಾಗ ಎಲ್ಲೂ ಸಿಗದು. ಭಾನುವಾರ ಗುಜರಿಯವನು ಬರುವವನಿದ್ದ. ನನಗೋ ಮದುವೆಯಾದಂದಿನಿಂದ ಆ ಕಾರಿನ ಮೇಲೇ ಕಣ್ಣು!

"ಅಷ್ಟರೊಳಗೆ ತಾನಾಗಿ ಗೇಟು ದಾಟಿದ್ರೆ ಕಾರು ನಿಮ್ದು ಅಳಿಯಂದ್ರೇ. ಇಲ್ಲಾಂದ್ರೆ ಅವನದು" ಎಂದರು ಮಾವ.

ಅಪಘಾತವಾಗಿ ಗ್ಯಾರೇಜೊಂದರ ಮೂಲೆ ಸೇರಿದ್ದ ಸರಕಿನ ವ್ಯಾನಿನಿಂದ ಆ್ಯಕ್ಸಲ್ ಬಿಚ್ಚಿ ತಂದೆ. ಅಗಲ ಹೇಳಿ ಮಾಡಿಸಿದಂತಿತ್ತು. ಒಂದೇ ತೊಡಕು. ವ್ಯಾನಿನಲ್ಲಿ ಸ್ಪ್ರಿಂಗ್ ಪಟ್ಟಿಗಳು ಆ್ಯಕ್ಸಲ್ಲಿನ ಕೆಳಗೆ, ಕಾರಿನಲ್ಲಿ ಮೇಲೆ. ಪಟ್ಟಿ ಕೂರುವ ಜಾಗ ಕತ್ತರಿಸಿ ಇನ್ನೊಂದು ಬದಿಗೆ ವೆಲ್ಡ್ ಮಾಡಿಸಬೇಕು. ಸಾಮಾನ್ಯರು ಹಾಗೆ ಮಾಡುತ್ತಾರೆ. ನಾನು ಇಡೀ ಆ್ಯಕ್ಸಲ್ಲನ್ನೇ ದೋಸೆಯಂತೆ ಮಗುಚಿ ಹಾಕಿದೆ! ಬೋಲ್ಟುಗಳು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿದವು.

ಹೆಂಡತಿ ಬಗ್ಗಿ ನೋಡಿದಳು. "ರೀ, ಎಣ್ಣೆ ಇಳಿಸೋ ತೂತು ಆಕಾಶ ನೋಡ್ತಿದೆ!"

"ಒಳ್ಳೇದೇ ಆಯ್ತಲ್ಲ, ಅಲ್ಲಿಂದಲೇ ಹೊಯ್ಯಬಹುದು."

"ಯಾರನ್ನಾದ್ರೂ ಒಂದ್ಮಾತು ಕೇಳ್ಬಾರ್ದಾ?"

"ಕೇಳಿದವರು ಯಾರೂ ಇತಿಹಾಸ ಬರೆದಿಲ್ಲ ಕಣೇ!"

ಭಾನುವಾರ ಬಂತು. ಜಗಲಿಯಲ್ಲಿ ಮಾವ, ಪಕ್ಕದಲ್ಲಿ ಗುಜರಿಯವನು. ಕಾರಿನ ಮೂತಿ ನೇರ ಗೇಟಿಗೆ. ಇಂಜಿನ್ ಗುಡುಗಿತು. ಮೊದಲ ಗೇರು ಹಾಕಿ, ಗೇಟನ್ನೇ ದಿಟ್ಟಿಸುತ್ತ ಕ್ಲಚ್ ಬಿಟ್ಟೆ.

ಗೇಟು ನನ್ನಿಂದ ದೂರ ಹೋಗತೊಡಗಿತು!

ಕಾರು ಹಿಮ್ಮುಖವಾಗಿ ಹಿತ್ತಿಲಿಗೆ ನುಗ್ಗಿ, ಬಟ್ಟೆ ಒಣಹಾಕಿದ್ದ ಹಗ್ಗ ಹರಿದು, ಅತ್ತೆಯವರ ಸೀರೆಗಳನ್ನು ಮೈತುಂಬ ಹೊದ್ದು ನಿಂತಿತು.

"ಅದು ರಿವರ್ಸು ಕಣ್ರೀ!" ಹೆಂಡತಿ ಕೂಗಿದಳು.

"ಅಲ್ಲ ಕಣೇ, ಫಸ್ಟು! ದೇವರಾಣೆ ಫಸ್ಟು!"

ಆಗ ತಲೆಯೊಳಗೆ ದೀಪ ಹತ್ತಿತು. ಆ್ಯಕ್ಸಲ್ ಮಗುಚಿದಾಗ ಅದರೊಳಗಿನ ಹಲ್ಲುಚಕ್ರ ಎಡದಿಂದ ಬಲಕ್ಕೆ ಹೋಗಿ ಕೂತಿತ್ತು. ಹಿಂದಿನ ಚಕ್ರಗಳು ತಿರುಗುವುದೇ ಉಲ್ಟಾ! ಈಗ ಕಾರಿಗೆ ಹಿಂದಕ್ಕೆ ಓಡಲು ನಾಲ್ಕು ಗೇರು, ಮುಂದಕ್ಕೆ ಒಂದೇ ಒಂದು.

ಒಂದು ಸಾಲದೇ? ಸೋಲೊಪ್ಪುವ ಜಾಯಮಾನವೇ ನನ್ನದಲ್ಲ. ಗಾಜಿನ ಮೇಲಿನ ಸೀರೆ ಸರಿಸಿ, ಹಲ್ಲು ಕಚ್ಚಿ, ರಿವರ್ಸ್ ಗೇರು ಹಾಕಿದೆ. ಕಾರು ಗೊಳೋ ಎಂದು ಅಳುತ್ತ ಮುಂದಕ್ಕೆ ಹೊರಟಿತು. ಮಾವ ಚಪ್ಪಲಿ ಮೆಟ್ಟಿ ಕಿಟಕಿಯ ಪಕ್ಕದಲ್ಲೇ ನಡೆದು ಬಂದರು. ನಡುವೆ ಒಮ್ಮೆ ನಿಂತು ನನಗಾಗಿ ಕಾದರು ಕೂಡ. ಅಂತೂ ಗೇಟು ದಾಟಿತು! ಮಾವನವರ ಹಿಂದೆ ಬಂದ ಗುಜರಿಯವನು ಅವರ ಕಿವಿಯಲ್ಲಿ ಏನೋ ಉಸುರಿ, ಸರಸರನೆ ಹೊರಟೇಹೋದ.

ಬೆವರು ಒರೆಸಿಕೊಳ್ಳುತ್ತ, ಸ್ವಲ್ಪ ಅಳುಕುತ್ತಲೇ ಕೇಳಿದೆ: "ಮಾವ, ಮಾತು ಮಾತೇ ಅಲ್ವಾ? ಕಾರು ಇನ್ನು ನಂದೇ ತಾನೆ?"

ಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. "ನಿಮ್ದೇ ಅಳಿಯಂದ್ರೇ. ನೀವು ಕೈಯಿಟ್ಟ ಮೇಲೆ ಗುಜರಿಯವನೂ ಬೇಡ ಅಂದ."