ಕಪ್ಪು ಹಾಳೆಯ ಸಿಂಧುತ್ವದ ಬಗ್ಗೆ

ಬೀಳಗಿಯ ಮುಳುಗಡೆ ದಾಖಲಾತಿ ಉಪಕಚೇರಿಯ ಗಣಕಯಂತ್ರವು ತಾನಾಗಿ ಎಂದೂ ಕೆಟ್ಟಿಲ್ಲ. ಕೆಲಸ ಹೇಳಿದಾಗ ಮಾತ್ರ ಕೆಟ್ಟಿದೆ. ಈ ಸತ್ಯಾಂಶವನ್ನು ಮರೆಮಾಚಿ ಕೆಲವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ಸದರಿ ಕಚೇರಿಯ ವ್ಯವಸ್ಥಾಪಕನಾದ ನಾನು ನಡೆದದ್ದನ್ನು ನಡೆದಂತೆ ನಿವೇದಿಸುತ್ತಿದ್ದೇನೆ. ಇದರಿಂದ ನನಗೇನೂ ಬರುವುದಿಲ್ಲ. ಆದರೆ ಸುಳ್ಳು ಕೇಳಿದರೆ ಮೈ ಉರಿಯುತ್ತದೆ.

ನಮ್ಮ ಕೆಲಸ ಸರಳ. ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ‘ಇವರ ಊರು ಮುಳುಗಿದ್ದು ನಿಜ’ ಎಂದು ಪ್ರಮಾಣಪತ್ರ ಕೊಡುವುದು. ಮಕ್ಕಳ ಕಾಲೇಜು ಸೀಟಿಗೆ, ನೌಕರಿಯ ಮೀಸಲಾತಿಗೆ ಈ ಪತ್ರ ಬೇಕೇ ಬೇಕು. ಕೈಯಲ್ಲಿ ಬರೆದು ಕೊಡುವುದನ್ನು ಹಿಂದೆಯೇ ನಿಷೇಧಿಸಲಾಗಿದ್ದು, ಎಲ್ಲವೂ ಯಂತ್ರದಿಂದಲೇ ಹೊರಬರತಕ್ಕದ್ದು.

೨೦೦೯ರಲ್ಲಿ ಗಣಕಯಂತ್ರಗಳನ್ನು ಮೇಲ್ದರ್ಜೆಗೇರಿಸುವಂತೆ ಸುತ್ತೋಲೆ ಬಂತು. ನಮ್ಮ ವಿಶೇಷಾಧಿಕಾರಿ ನೇಮಿರಾಜ ಸಾಹೇಬರು ತೇರದಾಳದ ಕಡೆಯವರು, ಭಾರಿ ಶಿಸ್ತಿನ ಮನುಷ್ಯ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ಅದಕ್ಕೂ ಮೊದಲು ಕಚೇರಿ ಮುಗಿಸಬೇಕು. ಜಿಲ್ಲೆಗೇ ಮೊದಲಿಗರಾಗಬೇಕೆಂದು ಅವರ ಹಟ. ಯಂತ್ರ ನಡೆಸುವ ಅಮೋಲ ಎಲ್ಲಿಂದಲೋ ಹೊಸ ಸಿಸ್ಟಮಿನ ಒಂದು ಸೀಡಿ ತಂದ.

“ಸರ್, ಇದು ಪ್ರಿವ್ಯೂ ಐತ್ರಿ,” ಎಂದ ಅಮೋಲ. “ಕಂಪನಿಯವರು ಇನ್ನೂ ಪೂರಾ ತಯಾರ ಮಾಡಿಲ್ಲ. ಹೆಂಗೈತಿ ನೋಡಿ ಹೇಳ್ರಿ ಅಂತ ಬಿಟ್ಟಾರ. ನಡು ನಡುವ ಕೆಡತೈತ್ರಿ.”

“ಅದು ತಯಾರ ಆಗೂತನಕ ಕುಂತ್ರ ಮುಧೋಳದವರು ಮುಂದ ಹೊಕ್ಕಾರೋ ಮಾರಾಯಾ. ಹಾಕು!” ಎಂದರು ಸಾಹೇಬರು.

ಹಾಕಲಾಯಿತು. ಪರದೆಯ ಮೇಲೆ ಒಂದು ಮೀನು ಕಾಣಿಸಿತು. ಹಿನ್ನೀರಿನ ಕಚೇರಿಗೆ ಇದು ಶುಭಶಕುನವೆಂದು ಕಾಯಿ ಒಡೆದು, ಮಾನಿಟರಿಗೆ ಮಾಲೆ ಹಾಕಿ, ‘ನೂರಕ್ಕೆ ನೂರು ಪೂರ್ಣ’ ಎಂದು ಮಧ್ಯಾಹ್ನದೊಳಗೆ ವರದಿ ಕಳಿಸಿದೆವು. ಆಮೇಲೆ ಮೊದಲ ಪ್ರಮಾಣಪತ್ರ ಮುದ್ರಿಸಲು ಗುಂಡಿ ಒತ್ತಿದೆವು. ಪರದೆ ನೀಲಿಯಾಗಿ, ಯಂತ್ರ ಆರಿ, ತಾನೇ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಒತ್ತಿದೆವು. ಮತ್ತೆ ಆರಿತು.

ನಮ್ಮಲ್ಲಿ ಜನ ಪಾಳಿ ಹಚ್ಚುವುದೆಂದರೆ ತಾವು ನಿಲ್ಲುವುದಿಲ್ಲ. ಚಪ್ಪಲಿ ಸಾಲಾಗಿ ಬಿಟ್ಟು ಬೇವಿನ ಗಿಡದ ನೆರಳಿಗೆ ಹೋಗಿ ಕೂಡುತ್ತಾರೆ. ಆ ಸಾಲು ಗೇಟು ದಾಟಿ ರಸ್ತೆಗೆ ಬಂದಾಗ ಸಾಹೇಬರು ಒಂದು ಪ್ರಕಟಣೆ ಹಚ್ಚಿಸಿದರು: ‘ಯಂತ್ರವೇ ಮೊದಲಿನಿಂದ ಶುರು ಮಾಡುವಾಗ ಸಾರ್ವಜನಿಕರು ನಡುವಿನಿಂದ ಮುಂದುವರಿಯುವುದು ನ್ಯಾಯವಲ್ಲ. ಆದ್ದರಿಂದ ಯಂತ್ರ ಆರಿದಾಗಲೆಲ್ಲ ಚಪ್ಪಲಿಗಳನ್ನು ಎತ್ತಿಕೊಂಡು ಹೊಸದಾಗಿ ಇಡತಕ್ಕದ್ದು.’ ಜನ ಬಲು ಸಹಕರಿಸಿದರು. ಕೆಲವರಿಗಂತೂ ಮೊದಲಿಗಿಂತ ಒಳ್ಳೆಯ ಚಪ್ಪಲಿ ಸಿಕ್ಕಿತು.

ಅಮೋಲ ಯಂತ್ರದ ಒಂದೊಂದೇ ವಯರು ಕಿತ್ತು ಪರೀಕ್ಷಿಸಿದ. ಪ್ರಿಂಟರಿನ ವಯರು ಕಿತ್ತ ದಿನ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ಆರಲಿಲ್ಲ.

“ರೋಗ ಸಿಕ್ತ್ರಿ ಸರ್! ಈ ಹಳೇ ಪ್ರಿಂಟರ್ ಹೊಸಾ ಸಿಸ್ಟಮಿಗೆ ಹೊಂದವಲ್ತು. ತಿರುಗಿ ಹಳೇ ಸಿಸ್ಟಮ್ ಹಾಕಿದ್ರ ಎಲ್ಲಾ ಛಲೋ ಆಕ್ಕೈತಿ.”

“ಮ್ಯಾಲಿನ ದರ್ಜೆಗೆ ಏರಿಸಿದ್ದನ್ನ ಇಲಾಖಾ ವಿಚಾರಣೆ ಇಲ್ಲದ ಕೆಳಗ ಇಳಿಸಾಕ ಬರಂಗಿಲ್ಲ,” ಎಂದರು ಸಾಹೇಬರು. “ಪ್ರಿಂಟರ್ ಕಿತ್ತ ಮ್ಯಾಲ ಕೆಡತೈತೇನು?”

“ಇಲ್ರಿ. ಆದರ ಪ್ರಿಂಟ್ ಬರಂಗಿಲ್ಲ.”

“ಕೆಡಂಗಿಲ್ಲ ಹೌದಲ್ಲೋ? ಮುಗೀತು.”

ಮುದ್ರಣವನ್ನು ನಿಲ್ಲಿಸಿ ಆದೇಶವಾಯಿತು. ಯಂತ್ರ ಒಂದು ದಿನವೂ ಕೆಡದೆ ನಡೆಯುತ್ತಿರುವುದಕ್ಕಾಗಿ ಮೇಲಿನಿಂದ ಅಭಿನಂದನೆಯೂ ಬಂತು. ನಾವು ಪೇಢೆ ಹಂಚಿದೆವು.

ಹೀಗಿರುವಾಗ ಗುರುಬಸವ್ವ ಎಂಬ ಮುದುಕಿ ಮೊಮ್ಮಗಳು ಕಾವೇರಿಯನ್ನು ಕರೆದುಕೊಂಡು ಬಂದಳು. ಹುಡುಗಿಗೆ ಜಮಖಂಡಿಯ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಮುಳುಗಡೆ ಮೀಸಲಾತಿಯಲ್ಲಿ. ಸಂಜೆಯೊಳಗೆ ಪ್ರಮಾಣಪತ್ರ ಕೊಡದಿದ್ದರೆ ಸೀಟು ಬೇರೆಯವರಿಗೆ. ಯಂತ್ರ ಆರುತ್ತಿದ್ದ ದಿನಗಳಿಂದಲೂ ಪಾಳಿಯಲ್ಲಿ ಚಪ್ಪಲಿ ಎತ್ತಿ ಇಟ್ಟು, ಎತ್ತಿ ಇಟ್ಟು, ಆ ಹುಡುಗಿಯ ಮುಖ ಬಾಡಿ ಹೋಗಿತ್ತು.

“ಬರದರ ಕೊಡ್ರಿ ಸಾಹೇಬ್ರ,” ಎಂದಳು ಮುದುಕಿ.

“ಬರಿಯೂದು ನಿಷೇಧ ಐತಿ ಆಯಿ. ಆದರ ನಿನ್ನ ದಾಖಲಿ ಭದ್ರ ಐತಿ. ಇಲ್ಲಿ ನೋಡು, ನಿನ್ನ ಹೆಸರು, ನಿಮ್ಮೂರ ಹೆಸರು, ಎಲ್ಲಾ ಪರದೆ ಮ್ಯಾಲ ಐತಿ.”

“ಹಂಗಾರ ಡಬ್ಬೀನ ಕೊಡ್ರಿ. ಕಾಲೇಜಿನವರಿಗೆ ತೋರಿಸಿ ತರತೇನಿ.”

“ಆಯಿ, ಸುಮ್ನಿರಬೇ,” ಎಂದು ಕಾವೇರಿ ಸೆರಗು ಜಗ್ಗಿದಳು.

ಸಾಹೇಬರು ನಿಯಮಾವಳಿ ತೆರೆದರು. ಡಬ್ಬಿ ಕೊಡಬಾರದೆಂದು ಎಲ್ಲಿಯೂ ಇರಲಿಲ್ಲ. ಒಂದು ಟಂಟಂ ಆಟೊ ಕರೆಸಿ ಸಾಹೇಬರು, ನಾನು, ಅಮೋಲ, ಮುದುಕಿ, ಮೊಮ್ಮಗಳು, ಗಣಕಯಂತ್ರ ಎಲ್ಲರೂ ಜಮಖಂಡಿಗೆ ಹೊರಟೆವು. ಮಾನಿಟರನ್ನು ಕೌದಿಯಲ್ಲಿ ಸುತ್ತಿ ಕಾವೇರಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ರಸ್ತೆಯ ತೆಗ್ಗು ಬಂದಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು, ಪಾಪ.

ಪ್ರಾಚಾರ್ಯರು ಯಂತ್ರವನ್ನು ತಮ್ಮ ಟೇಬಲ್ಲಿನ ಮೇಲೆ ಹೂಡಿಸಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಎಲ್ಲಾ ಬರೋಬ್ಬರಿ ಐತ್ರಿ. ಇದರದೊಂದು ಝರಾಕ್ಸ್ ಕೊಟ್ಟು ಹೋಗ್ರಿ.”

“ಇದು ಝರಾಕ್ಸ್ ಆಗಂಗಿಲ್ರಿ,” ಎಂದ ಅಮೋಲ.

“ಯಾಕ ಆಗಂಗಿಲ್ಲ?” ಸಾಹೇಬರಿಗೆ ಸಿಟ್ಟು ಬಂತು. “ರೇಷನ್ ಕಾರ್ಡ್ ಆಕ್ಕೈತಿ, ಪಾಸ್‌ಬುಕ್ ಆಕ್ಕೈತಿ. ಸರಕಾರಿ ದಾಖಲಿ ಆಗಂಗಿಲ್ಲಂದ್ರ ಏನ್ ಅರ್ಥ?”

ಕಾಲೇಜಿನ ಎದುರಿಗೆ ಜ್ಞಾನೇಶ್ವರನ ಝರಾಕ್ಸ್ ಅಂಗಡಿಯಿತ್ತು. ಅಲ್ಲಿ ಯಂತ್ರವನ್ನು ಮತ್ತೆ ಹೂಡಿ, ಪ್ರಮಾಣಪತ್ರ ತೆರೆದು, ನಾಲ್ಕು ಜನ ಹಿಡಿದು ಮಾನಿಟರನ್ನು ಗಾಜಿನ ಮೇಲೆ ಬೋರಲು ಹಾಕಿದೆವು. ಜ್ಞಾನೇಶ್ವರ ಗುಂಡಿ ಒತ್ತಿದ. ಅಂಚು ಬಿಟ್ಟು ಪೂರ್ತಿ ಕಪ್ಪಾದ ಒಂದು ಹಾಳೆ ಬೆಚ್ಚಗೆ ಹೊರಬಂತು. ಇನ್ನೊಮ್ಮೆ ಒತ್ತಿದ. ಇನ್ನೂ ಕಪ್ಪಾಗಿ ಬಂತು.

ಕಾವೇರಿ ಅಳತೊಡಗಿದಳು. ಸಾಹೇಬರು ಮಾತ್ರ ಹಾಳೆಯನ್ನು ಒಮ್ಮೆ ನೋಡಿದರು, ಬೋರಲು ಬಿದ್ದ ಮಾನಿಟರನ್ನು ಒಮ್ಮೆ ನೋಡಿದರು. ಬಿಳಿ ಅಂಚಿನಲ್ಲಿ ಹಸಿರು ಶಾಯಿಯಿಂದ ‘ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ, ಸರಿ ಇದೆ’ ಎಂದು ಬರೆದು, ಸಹಿ ಮಾಡಿ, ದುಂಡು ಮೊಹರು ಒತ್ತಿದರು.

ಪ್ರಾಚಾರ್ಯರು ಮೊಹರು ನೋಡಿದರು, ಸಹಿ ನೋಡಿದರು. “ಈಗ ಆತು ನೋಡ್ರಿ,” ಎಂದು ಹಾಳೆಯನ್ನು ಫೈಲಿಗೆ ಹಾಕಿಕೊಂಡರು. ಕಾವೇರಿಗೆ ಸೀಟು ಆಯಿತು. ಖರೆ ಹೇಳುತ್ತೇನೆ, ನನ್ನ ಕಣ್ಣು ತುಂಬಿತು.

ಮರುದಿನದಿಂದ ಎಲ್ಲರಿಗೂ ಇದೇ ವ್ಯವಸ್ಥೆ. ಜನರಿಗೆ ಜಮಖಂಡಿಗೆ ಓಡಾಡುವ ತ್ರಾಸು ಬೇಡವೆಂದು ಜ್ಞಾನೇಶ್ವರನ ಮಶೀನನ್ನು ನಮ್ಮ ಪಡಸಾಲೆಗೇ ತರಿಸಲಾಯಿತು. ಅವನು ಸಾಹೇಬರ ಬೀಗ ಎಂದು ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ಆಗ ಬೀಗ ಆಗಿರಲಿಲ್ಲ, ಆಮೇಲೆ ಆದದ್ದು. ಕ್ರಮೇಣ ಕಾಲೇಜುಗಳೂ ಕಚೇರಿಗಳೂ ಕಪ್ಪು ಹಾಳೆಯನ್ನೇ ಕೇಳತೊಡಗಿದವು. ಗಿರಮಲ್ಲಪ್ಪನೆಂಬವನು ಹಿಂದೆ ಮುದ್ರಿಸಿಕೊಟ್ಟ ಹಳೆಯ ಪತ್ರ ಒಯ್ದಾಗ, ಅದರಲ್ಲಿ ಅಕ್ಷರಗಳು ಕಾಣುತ್ತಿದ್ದುದರಿಂದ ಸಂಶಯ ಬಂದು ತಿರಸ್ಕರಿಸಿದರು. ಅವನೂ ನಮ್ಮಲ್ಲಿ ಬಂದು ಕಪ್ಪು ಮಾಡಿಸಿಕೊಂಡು ಹೋದ.

ಮೊನ್ನೆ ಗುರುಬಸವ್ವ ಬಂದಿದ್ದಳು. ಕಾವೇರಿಗೆ ನೌಕರಿ ಆಗಿದೆ, ಅದಕ್ಕೊಂದು ಪ್ರತಿ ಬೇಕಿತ್ತು. ಹಾಳೆ ಕೈಗೆ ಬಂದ ಮೇಲೆ ಅವಳು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದರಾಗ ನಮ್ಮೂರು ಎಲ್ಲೈತ್ರಿ ಸಾಹೇಬ್ರ? ಕಾಣವಲ್ತಲ್ಲ.”

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು. “ಮುಳುಗಿದ ಊರು ಎಲ್ಲಿ ಕಾಣತೈತಿ, ಆಯಿ?”

ಮುದುಕಿ ವಿಚಾರ ಮಾಡಿದಳು.

“ಅದೂ ಖರೆ ಬಿಡ್ರಿ. ಹಂಗಾರ ಇನ್ನೊಂದು ತಗೀರಿ, ಮನ್ಯಾಗ ಗ್ವಾಡಿಗೆ ಹಾಕತೇನಿ.”